ಕೆಂಪು ಬಣ್ಣದ ಹತ್ತು ಅಂಕ: ಟ್ರಾನ್ಸ್‌ಪ್ಲಾಂಟ್ ನಂತರದ ರಿಸ್ಕ್ ರಿಪೋರ್ಟ್ ಪ್ಯಾಕೇಜ್ ಬಳಸಿ ನೋಡಿದ್ದು

ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ಆ ಮೂರೂ ಇಬ್ಬರು ಮನುಷ್ಯರಿಗೆ. ಒಬ್ಬರು ನಮ್ಮ ಅಕ್ಕನ ಬೋನ್ ಮ್ಯಾರೋ (ಮೂಳೆ ಮಜ್ಜೆ) ಸ್ಯಾಂಪಲ್ ತೆಗೆದ ಡಾಕ್ಟರು, ಇನ್ನೊಬ್ಬರು ಆಮೇಲೆ ಫೋನಿನಲ್ಲಿ ರಿಪೋರ್ಟ್ ಬಿಡಿಸಿ ಹೇಳಿದ ಲೇಡಿ ಡಾಕ್ಟರು. ಆ್ಯಪ್‌ಗೆ ಮತ್ತು ಆ ಬಣ್ಣ ಬಳಿದ ಪಿಡಿಎಫ್‌ಗೆ ನನ್ನ ಕಡೆಯಿಂದ ಸೊನ್ನೆ. ಕಂಪನಿ ಹೆಸರು ಹಾಕುವುದಿಲ್ಲ, ಜಗಳಕ್ಕೆ ಬರೆಯುತ್ತಿಲ್ಲ. ಮೈಲೋಮಾ ಅನ್ನುವ ರಕ್ತದ ಕ್ಯಾನ್ಸರಿಗೆ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ ಆದವರಿಗೆ ಕಾಯಿಲೆ ಬೇಗ ತಿರುಗಿ ಬರುವ ಸಾಧ್ಯತೆ ಎಷ್ಟು ಅಂತ ಲೆಕ್ಕ ಹಾಕಿ ಕೊಡುವ ಪ್ಯಾಕೇಜ್ ಇದು. ಇಂಥದ್ದನ್ನು ನೀವೂ ತೆಗೆದುಕೊಳ್ಳುವ ಯೋಚನೆಯಲ್ಲಿದ್ದರೆ ಓದಿ. ಸ್ವಲ್ಪ ಉದ್ದ ಇದೆ.

ರಿಪೋರ್ಟ್ ಬಂದಿದ್ದು ರಾತ್ರಿ ಒಂಬತ್ತೂ ಮುಕ್ಕಾಲಿಗೆ. ಅಕ್ಕ ಒಣಗಿದ ಬಟ್ಟೆ ಮಡಚುತ್ತಾ ಕೂತಿದ್ದಳು. ಫೋನ್ ನನ್ನ ಕೈಯಲ್ಲಿತ್ತು. ಮೊದಲ ಪುಟದಲ್ಲೇ ಸ್ಕೂಟರಿನ ಸ್ಪೀಡೋಮೀಟರ್ ತರಹದ ಒಂದು ಅರ್ಧ ಚಕ್ರ, ಅದರ ಮುಳ್ಳು ಬಲಗಡೆಯ ಕೆಂಪಿನಲ್ಲಿ. ಕೆಳಗೆ ದಪ್ಪ ಅಕ್ಷರದಲ್ಲಿ "ರಿಸ್ಕ್ ಸ್ಕೋರ್ 10".

"ಏನೋ, ಬಂತಾ?" ಅಂದಳು.

"ಇನ್ನೂ ಲೋಡ್ ಆಗ್ತಿದೆ ಅಕ್ಕ" ಅಂದೆ.

ಅವಳು ಕೈಯಲ್ಲಿದ್ದ ದಿಂಬಿನ ಕವರನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ಲೋಡ್ ಆಗೋದಕ್ಕೆ ನಿನ್ನ ಮುಖ ಯಾಕೆ ಹಾಗಾಗ್ಬೇಕು?"

ಇಂಥ ರಿಪೋರ್ಟನ್ನು ಮನೆಯವರ ಫೋನಿಗೆ ರಾತ್ರಿ ಹೊತ್ತು, ಯಾರೂ ಕೇಳಲು ಸಿಗದ ವೇಳೆಯಲ್ಲಿ ಕಳಿಸುವವರು ಒಂದು ಸಲವಾದರೂ ತಮ್ಮ ಮನೆಯವರಿಗೆ ಹೀಗೆ ಕಳಿಸಿ ನೋಡಿದ್ದಾರಾ ಅಂತ ನನಗೆ ಇವತ್ತಿಗೂ ಅನುಮಾನ. ವಿವರಿಸುವ ಡಾಕ್ಟರ ಫೋನ್ ಬರುವುದು ರಿಪೋರ್ಟ್ ಬಂದ ಎರಡು ದಿನದ ಮೇಲೆ. ಆ ಎರಡು ದಿನ ಏನು ಮಾಡಬೇಕು?

ಮೈಲೋಮಾ ಅಂದರೆ ಏನು ಅಂತ ಹೊಸಬರಿಗೆ ಎರಡು ಮಾತು. ನಮ್ಮ ಮೂಳೆ ಮಜ್ಜೆಯಲ್ಲಿ ಪ್ಲಾಸ್ಮಾ ಕಣಗಳಿರುತ್ತವೆ, ಸೋಂಕಿನ ವಿರುದ್ಧ ಆ್ಯಂಟಿಬಾಡಿ ಮಾಡುವುದು ಅವುಗಳ ಕೆಲಸ. ಅದರಲ್ಲಿ ಒಂದು ಹದ ತಪ್ಪಿ ತನ್ನದೇ ನಕಲುಗಳನ್ನು ಮಾಡುತ್ತಾ ಹೋಗುತ್ತದೆ. ಎಲ್ಲವೂ ಸೇರಿ ಒಂದೇ ಜಾತಿಯ, ಯಾವ ಉಪಯೋಗಕ್ಕೂ ಬಾರದ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತವೆ. ಮೂಳೆ ಟೊಳ್ಳಾಗುತ್ತದೆ, ಕಿಡ್ನಿಗೆ ಏಟು ಬೀಳುತ್ತದೆ, ರಕ್ತ ಕಡಿಮೆಯಾಗುತ್ತದೆ. ಅಕ್ಕನಿಗೆ ಶುರುವಾಗಿದ್ದು ಬೆನ್ನು ನೋವಿನಿಂದ. ಐದು ತಿಂಗಳು ಔಷಧಿ, ಆಮೇಲೆ ಅವಳದೇ ಸ್ಟೆಮ್ ಸೆಲ್ ತೆಗೆದು ಫ್ರೀಜ್ ಮಾಡಿ ಇಟ್ಟು, ಮೆಲ್ಫಲಾನ್ ಅನ್ನುವ ಔಷಧಿಯನ್ನು ಒಂದೇ ಸಲ ದೊಡ್ಡ ಡೋಸಿನಲ್ಲಿ ಕೊಟ್ಟರು. ಸಾಮಾನ್ಯವಾಗಿ ಮೈಯ ಪ್ರತಿ ಚದರ ಮೀಟರಿಗೆ 200 ಮಿಲಿಗ್ರಾಂ, ಕಿಡ್ನಿ ಸೋತವರಿಗೆ 140. ಕಾಯಿಲೆಯನ್ನು ಹೊಡೆಯುವುದು ಆ ಮೆಲ್ಫಲಾನ್. ಅದರ ಹೊಡೆತಕ್ಕೆ ಮಜ್ಜೆಯೂ ಬರಿದಾಗುತ್ತದಲ್ಲ, ಅದನ್ನು ಮತ್ತೆ ಚಿಗುರಿಸಲು ಎತ್ತಿಟ್ಟಿದ್ದ ಸ್ಟೆಮ್ ಸೆಲ್ ವಾಪಸ್ ಹಾಕುತ್ತಾರೆ. ನಮ್ಮ ಭಾವ ಸೇರಿದಂತೆ ತುಂಬಾ ಜನ ಇದನ್ನು ಉಲ್ಟಾ ತಿಳಿದುಕೊಂಡಿರುತ್ತಾರೆ.

ಟ್ರಾನ್ಸ್‌ಪ್ಲಾಂಟ್ ಆದ ಮೇಲೂ ಮೈಲೋಮಾ ಹೆಚ್ಚಿನವರಲ್ಲಿ ಒಂದಲ್ಲ ಒಂದು ದಿನ ಮರಳುತ್ತದೆ. ಇದನ್ನು ಡಾಕ್ಟರು ಮೊದಲೇ ಹೇಳಿರುತ್ತಾರೆ. ಯಾವಾಗ ಅನ್ನುವುದೇ ಪ್ರಶ್ನೆ. ಏಳೆಂಟು ವರ್ಷ ಏನೂ ಇಲ್ಲದೆ ಓಡಾಡುವವರೂ ಇದ್ದಾರೆ, ವರ್ಷದೊಳಗೆ ವಾಪಸ್ ಬಂದವರೂ ಇದ್ದಾರೆ. ಬೇಗ ಮರಳಿದರೆ ಆ ಕಾಯಿಲೆಯ ಸ್ವಭಾವವೇ ಒರಟು ಅಂತ ಅರ್ಥ, ಮುಂದಿನ ಔಷಧಿಗಳಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಅಮೆರಿಕದ ಟ್ರಾನ್ಸ್‌ಪ್ಲಾಂಟ್ ರಿಜಿಸ್ಟ್ರಿಯ ಲೆಕ್ಕದಲ್ಲಿ ಎರಡು ವರ್ಷದೊಳಗೆ ಮರಳಿದವರು 100ಕ್ಕೆ 35ರಿಂದ 38 ಜನ. 2001ರಿಂದ 2013ರವರೆಗೆ ಹೊಸ ಹೊಸ ಔಷಧಿ ಬಂದರೂ ಆ ಸಂಖ್ಯೆ ಹೆಚ್ಚೇನೂ ಇಳಿದಿರಲಿಲ್ಲ. ಹಾಗಾಗಿ "ನಮ್ಮವರು ಯಾವ ಗುಂಪು" ಅಂತ ತಿಳಿಯುವ ಆಸೆ ಸುಮ್ನೆ ಹುಟ್ಟಿದ್ದಲ್ಲ. ನಾನೂ ಅದೇ ಆಸೆಗೆ ಬಿದ್ದು ಪ್ಯಾಕೇಜ್ ಬುಕ್ ಮಾಡಿದೆ.

ಪ್ಯಾಕೇಜಿನಲ್ಲಿ ಇದ್ದಿದ್ದು ಇಷ್ಟು: ಟ್ರಾನ್ಸ್‌ಪ್ಲಾಂಟ್ ಆಗಿ ನೂರನೇ ದಿನದ ಹೊತ್ತಿಗೆ ರಕ್ತ ಮತ್ತು 24 ಗಂಟೆಯ ಮೂತ್ರ ಪರೀಕ್ಷೆ, ಬೋನ್ ಮ್ಯಾರೋದಲ್ಲಿ ಎಂಆರ್‌ಡಿ ಟೆಸ್ಟು (ಚಿಕಿತ್ಸೆಯ ನಂತರವೂ ಅಳಿದುಳಿದ ಕಾಯಿಲೆ ಕಣ ಇದೆಯಾ ಅಂತ ಹುಡುಕುವುದು), ಹಳೆಯ ರಿಪೋರ್ಟುಗಳನ್ನು ಅಪ್‌ಲೋಡ್ ಮಾಡುವ ಒಂದು ಫಾರಂ, ಸ್ಕೋರ್ ಇರುವ ಪಿಡಿಎಫ್, ಡಾಕ್ಟರ ಜೊತೆ ಫೋನ್ ಮಾತು, ಆಮೇಲೆ ಪ್ರತಿ ತಿಂಗಳ ರಕ್ತದ ಅಂಕಿಗಳನ್ನು ಗ್ರಾಫ್ ಮಾಡಿ ತೋರಿಸುವ ಆ್ಯಪ್.

ಮ್ಯಾರೋ ತೆಗೆದ ದಿನದ ಬಗ್ಗೆ ಒಳ್ಳೆಯದೇ ಹೇಳಬೇಕು. ಸೊಂಟದ ಹಿಂದಿನ ಮೂಳೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸೂಜಿ ಹಾಕುತ್ತಾರೆ. ಮೂಳೆ ಮರಗಟ್ಟುತ್ತದೆ, ಆದರೆ ಮಜ್ಜೆ ಎಳೆಯುವಾಗಿನ ಆ ಸೆಳೆತ ತಪ್ಪುವುದಿಲ್ಲ. ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು, ಎಳೆದಾಗ ಅವಳ ಉಗುರು ನನ್ನ ಅಂಗೈಗೆ ಇಳಿಯಿತು. ಅಷ್ಟರಲ್ಲಿ ಡಾಕ್ಟರು ಪಕ್ಕದ ಹುಡುಗನಿಗೆ, "ಇದು ಮೊದಲ್ನೇದು, ಎಂಆರ್‌ಡಿ ಟ್ಯೂಬಿಗೆ ಹಾಕಪ್ಪ, ಸ್ಲೈಡಿಗೆ ಆಮೇಲೆ" ಅಂದರು. ಯಾಕೆ ಅಂತ ಆಮೇಲೆ ಕೇಳಿದೆ. ಮೊದಲ ಸಲ ಎಳೆದ ಎರಡು ಮೂರು ಎಂಎಲ್‌ನಲ್ಲಿ ನಿಜವಾದ ಮಜ್ಜೆ ಇರುತ್ತದಂತೆ. ಎರಡನೇದು, ಮೂರನೇದು ಎಳೆಯುತ್ತಾ ಹೋದ ಹಾಗೆ ಅದಕ್ಕೆ ಬರೀ ರಕ್ತ ಬೆರೆತು ತೆಳ್ಳಗಾಗುತ್ತದೆ. ಲಕ್ಷಕ್ಕೆ ಒಂದು ಕಣ ಹುಡುಕುವ ಟೆಸ್ಟಿಗೆ ಹಾಗೆ ತೆಳ್ಳಗಾದ ಸ್ಯಾಂಪಲ್ ಕೊಟ್ಟರೆ ಇರುವ ಕಾಯಿಲೆಯೂ ಕಾಣುವುದಿಲ್ಲ, ನೆಗೆಟಿವ್ ಅಂತ ಬರುತ್ತದೆ. ಎಷ್ಟೋ ಕಡೆ ಮೊದಲ ಎಳೆತ ಸ್ಲೈಡಿಗೆ ಹೋಗಿ, ಉಳಿದಿದ್ದು ಎಂಆರ್‌ಡಿಗೆ ಹೋಗುತ್ತದೆ. ಒಂದು ಸ್ಟಾರ್ ಈ ಒಂದೇ ಮಾತಿಗೆ.

ಈಗ ಆ 10ರ ಕಥೆ.

ಪಿಡಿಎಫ್‌ನ ಮೂರನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಲೆಕ್ಕ ಕೊಟ್ಟಿದ್ದರು. ಅವರು ಬಳಸಿದ್ದು ಎಸ್-ಇಆರ್‌ಎಂಎಂ ಅನ್ನುವ ಸ್ಕೋರು. ಇದು ಯಾರೋ ಕೂತು ಊಹೆ ಮಾಡಿದ್ದಲ್ಲ. 2003ರಿಂದ 2017ರವರೆಗೆ ಯುರೋಪಿನಲ್ಲಿ ನಡೆದ 7 ಟ್ರಯಲ್‌ಗಳ 2,190 ರೋಗಿಗಳ ಮಾಹಿತಿ ಒಟ್ಟುಗೂಡಿಸಿ, ಯಾರಿಗೆ 18 ತಿಂಗಳೊಳಗೆ ಕಾಯಿಲೆ ಮರಳಿತು ಅಂತ ನೋಡಿ ಮಾಡಿದ್ದು. ರಕ್ತದಲ್ಲಿ ಎಲ್‌ಡಿಎಚ್, ಅಂದರೆ ಕಣ ಒಡೆದಾಗ ಹೊರಗೆ ಸೋರುವ ಒಂದು ಕಿಣ್ವ, ಜಾಸ್ತಿ ಇದ್ದರೆ 5 ಅಂಕ. 4 ಮತ್ತು 14ನೇ ಕ್ರೋಮೋಸೋಮುಗಳ ತುಂಡು ಅದಲುಬದಲಾಗಿದ್ದರೂ 5. 17ನೇ ಕ್ರೋಮೋಸೋಮಿನ ಒಂದು ಭಾಗ ಕಳೆದುಹೋಗಿದ್ದರೆ 3, ರಕ್ತದಲ್ಲಿರುವ ಆಲ್ಬುಮಿನ್ ಅನ್ನುವ ಪ್ರೋಟೀನು ಕಡಿಮೆ ಇದ್ದರೆ 3, ಮಜ್ಜೆಯಲ್ಲಿ ಪ್ಲಾಸ್ಮಾ ಕಣ 60 ಪರ್ಸೆಂಟ್ ದಾಟಿದ್ದರೆ 3. ಕಾಯಿಲೆಯ ಪ್ರೋಟೀನಿನಲ್ಲಿ ಕಪ್ಪಾ, ಲ್ಯಾಂಬ್ಡಾ ಅಂತ ಎರಡು ಜಾತಿ, ಲ್ಯಾಂಬ್ಡಾ ಆದರೆ 2. ಅಷ್ಟೇ, ಕೂಡುವ ಲೆಕ್ಕ.

ಅಕ್ಕನಿಗೆ ಎಲ್‌ಡಿಎಚ್ 512 ಅಂತ ಬಂದಿತ್ತು, 5 ಅಂಕ. ಆಲ್ಬುಮಿನ್ 3.2, ಅದಕ್ಕೆ 3. ಅವಳದು ಲ್ಯಾಂಬ್ಡಾ, ಅದಕ್ಕೆ 2. ಒಟ್ಟು 10.

ನಾನು ಆ ರಾತ್ರಿ ಎಲ್‌ಡಿಎಚ್ ಬಗ್ಗೆ ಸಿಕ್ಕಿದ್ದೆಲ್ಲಾ ಓದಿದೆ. ಓದಬಾರದಿತ್ತು. ಭಾವ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬಂದು, "ಇನ್ನೊಂದು ಟ್ರಾನ್ಸ್‌ಪ್ಲಾಂಟ್ ಬೇಕಾಗುತ್ತೇನಪ್ಪಾ?" ಅಂತ ಕೇಳಿದರು. "ಗೊತ್ತಿಲ್ಲ ಭಾವ" ಅಂದೆ. ಅಕ್ಕ ಮಾತ್ರ ನಿದ್ದೆ ಮಾಡಿದ್ದಳು, ಅಥವಾ ಹಾಗೆ ತೋರಿಸಿಕೊಂಡಳು.

ಎರಡು ದಿನದ ಮೇಲೆ ಫೋನ್ ಮಾಡಿದ ಡಾಕ್ಟರು ಮೊದಲು ಕೇಳಿದ್ದು ಮೈಲೋಮಾ ಬಗ್ಗೆ ಅಲ್ಲವೇ ಅಲ್ಲ. "ರಕ್ತ ತೆಗೆಯೋವಾಗ ನರ ಸಿಗೋಕೆ ಕಷ್ಟ ಆಯ್ತಾ?" ಅಂದರು. ಆಗಿತ್ತು. ಎರಡು ಕೈಗೂ ಚುಚ್ಚಿ, ಕೊನೆಗೆ ಮುಂಗೈ ಮೇಲೆ ಸಣ್ಣ ಸೂಜಿ ಹಾಕಿ, ಸಿರಿಂಜಿನಲ್ಲಿ ಎಳೆದು ಟ್ಯೂಬಿಗೆ ಒತ್ತಿ ತುಂಬಿದ್ದರು. ನಿಮಗೆ ಹೇಗೆ ಗೊತ್ತಾಯಿತು ಅಂದರೆ, "ಅದೇ ಸ್ಯಾಂಪಲ್‌ನಲ್ಲಿ ಪೊಟ್ಯಾಸಿಯಂ 5.9 ಇದೆ ನೋಡಿ. ಕಿಡ್ನಿ ಸರಿ ಇದೆ, ಇಷ್ಟು ಪೊಟ್ಯಾಸಿಯಂ ಇವರಿಗೆ ಬರೋ ಕಾರಣ ಇಲ್ಲ" ಅಂದರು.

ವಿಷಯ ಇಷ್ಟು. ಕೆಂಪು ರಕ್ತ ಕಣದೊಳಗೆ ಎಲ್‌ಡಿಎಚ್ ತುಂಬಿರುತ್ತದೆ, ಪೊಟ್ಯಾಸಿಯಂ ಕೂಡ. ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ಒತ್ತಿ ತುಂಬಿದರೆ, ಟ್ಯೂಬನ್ನು ಕುಲುಕಿದರೆ ಆ ಕಣಗಳು ಒಡೆಯುತ್ತವೆ. ಒಳಗಿದ್ದಿದ್ದೆಲ್ಲಾ ಹೊರಗೆ ಬಂದು ಸೀರಂ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಲ್ಯಾಬಿನವರು ರಿಪೋರ್ಟಿನ ಕೆಳಗೆ ಒಂದು ಸಾಲು ಹಾಕಿಯೂ ಇದ್ದರು, ಸ್ಯಾಂಪಲ್‌ನಲ್ಲಿ ಕಣ ಒಡೆದಿದೆ ಅಂತ. ಆ ಸಾಲನ್ನು ಸ್ಕೋರ್ ಹಾಕುವ ಸಾಫ್ಟ್‌ವೇರ್ ಓದಲಿಲ್ಲ. ಅದಕ್ಕೆ ಬೇಕಿದ್ದು ಸಂಖ್ಯೆ, ಸಂಖ್ಯೆ ಸಿಕ್ಕಿತು, 5 ಅಂಕ ಹಾಕಿ ಮುಳ್ಳನ್ನು ಕೆಂಪಿಗೆ ತಳ್ಳಿತು. ಮತ್ತೊಮ್ಮೆ ರಕ್ತ ಕೊಟ್ಟಾಗ ಎಲ್‌ಡಿಎಚ್ 198, ನಾರ್ಮಲ್. ಪೊಟ್ಯಾಸಿಯಂ 4.3.

ಅಷ್ಟಕ್ಕೇ ಮುಗಿಯಲಿಲ್ಲ. ಡಾಕ್ಟರು ಇನ್ನೊಂದು ಹೇಳಿದರು, ಇದು ನನಗೆ ಎಲ್‌ಡಿಎಚ್‌ಗಿಂತ ದೊಡ್ಡ ತಪ್ಪು ಅನಿಸಿತು. ಆ ಸ್ಕೋರಿಗೆ ಹಾಕಬೇಕಾಗಿದ್ದು ಕಾಯಿಲೆ ಮೊದಲು ಪತ್ತೆಯಾದಾಗಿನ ಅಂಕಿಗಳು. ಟ್ರಾನ್ಸ್‌ಪ್ಲಾಂಟ್ ಆಗಿ ನೂರು ದಿನದ ಅಂಕಿಗಳಲ್ಲ. ಆ ಹೊತ್ತಿಗೆ ಬಾಯಿ ಹುಣ್ಣು, ಜ್ವರ, ಸರಿಯಾಗಿ ಊಟ ಸೇರದಿರುವುದು ಎಲ್ಲಾ ದಾಟಿ ಬಂದವರಿಗೆ ಆಲ್ಬುಮಿನ್ ಇಳಿದಿದ್ದರೆ ಆಶ್ಚರ್ಯವೇನಿಲ್ಲ, ಅದಕ್ಕೂ ಮೈಲೋಮಾದ ಜೋರಿಗೂ ಸಂಬಂಧ ಕಟ್ಟಲು ಆಗುವುದಿಲ್ಲ. ಪತ್ತೆಯಾದಾಗ ಅಕ್ಕನ ಆಲ್ಬುಮಿನ್ 3.9 ಇತ್ತು. ಎಲ್‌ಡಿಎಚ್ ನಾರ್ಮಲ್. ಮಜ್ಜೆಯಲ್ಲಿ ಪ್ಲಾಸ್ಮಾ ಕಣ 40 ಪರ್ಸೆಂಟ್. ಉಳಿದಿದ್ದು ಲ್ಯಾಂಬ್ಡಾದ 2 ಅಂಕ ಮಾತ್ರ. ಹತ್ತು ಹೋಗಿ ಎರಡಾಯಿತು. ಕೆಂಪು ಹೋಗಿ ಹಸಿರಾಯಿತು.

ಫಾರಂನಲ್ಲಿ ಆ ಕಾಲಂ ಪಕ್ಕದಲ್ಲಿ ಏನಂತ ಇತ್ತು ಗೊತ್ತಾ? "ಇತ್ತೀಚಿನ ಮೌಲ್ಯ". ನಾನು ಇತ್ತೀಚಿನದನ್ನೇ ಹಾಕಿದ್ದೆ. ತಪ್ಪು ನನ್ನದಾ?

ಇನ್ನೂ ಒಂದು ಎಳೆ ಇದೆ. ಆ 18 ತಿಂಗಳು ಎಣಿಸುವುದು ಚಿಕಿತ್ಸೆಯ ಆರಂಭದಿಂದ, ಟ್ರಾನ್ಸ್‌ಪ್ಲಾಂಟ್ ದಿನದಿಂದ ಅಲ್ಲ. ಅಕ್ಕ ನೂರನೇ ದಿನಕ್ಕೆ ಬರುವ ಹೊತ್ತಿಗೆ ಔಷಧಿ ಶುರುವಾಗಿ ಒಂಬತ್ತು ತಿಂಗಳು ದಾಟಿತ್ತು, ಅಂದರೆ ಆ ಗಡುವಿನ ಅರ್ಧ ದಾರಿಯನ್ನು ಏನೂ ಆಗದೆ ಆಗಲೇ ನಡೆದು ಬಂದಿದ್ದಳು. ಇದನ್ನು ಪಿಡಿಎಫ್ ಎಲ್ಲೂ ಹೇಳಲಿಲ್ಲ. ಬರೀ "ಬೇಗ ಮರಳುವ ಸಾಧ್ಯತೆ" ಅಂತ ಬರೆದಿತ್ತು. ಬೇಗ ಅಂದರೆ ಯಾವಾಗಿನಿಂದ ಎಷ್ಟು? ಕೆಲವರು ಟ್ರಾನ್ಸ್‌ಪ್ಲಾಂಟ್‌ನಿಂದ 12 ತಿಂಗಳು ಅನ್ನುತ್ತಾರೆ, ಕೆಲವರು 24 ಅನ್ನುತ್ತಾರೆ, ಈ ಸ್ಕೋರು ಶುರುವಿನಿಂದ 18 ಅನ್ನುತ್ತದೆ. ನೀವು ಯಾವ ರಿಪೋರ್ಟ್ ತೆಗೆದುಕೊಂಡರೂ ಮೊದಲು ಇದನ್ನೇ ಕೇಳಿ. ಚಿಕಿತ್ಸೆಗೆ ಕಾಯಿಲೆ ಎಷ್ಟು ಬಗ್ಗಿತು ಅನ್ನುವುದನ್ನೂ ಸೇರಿಸಿ ಲೆಕ್ಕ ತಿದ್ದುವ ಒಂದು ರೂಪವನ್ನು ಆ ಸ್ಕೋರ್ ಮಾಡಿದವರೇ ಕೊಟ್ಟಿದ್ದಾರೆ. ನೂರನೇ ದಿನಕ್ಕೆ ಕೂತು ಲೆಕ್ಕ ಹಾಕುವವರು ಅದನ್ನು ಬಿಟ್ಟು ಹಳೆಯದನ್ನು, ಅದೂ ತಪ್ಪು ಅಂಕಿ ತುಂಬಿ ಕೊಟ್ಟರೆ ಏನು ಹೇಳೋದು.

ಅದೇ ಫೋನಿನಲ್ಲಿ ಡಾಕ್ಟರು ಅಕ್ಕನ ಹಳೆಯ ಫಿಶ್ ರಿಪೋರ್ಟನ್ನೂ ತೆಗೆದರು. ಕ್ರೋಮೋಸೋಮಿನ ತಪ್ಪುಗಳನ್ನು ಹುಡುಕುವ ಟೆಸ್ಟು ಅದು. "ಇದರಲ್ಲಿ ಪ್ಲಾಸ್ಮಾ ಕಣ ಬೇರ್ಪಡಿಸಿ ನೋಡಿದ್ದಾರಾ, ಇಲ್ಲ ಮಜ್ಜೆ ಹಾಗೇ ಹಾಕಿದ್ದಾರಾ?" ಅಂತ ಕೇಳಿದರು. ನನಗೆಲ್ಲಿಂದ ಗೊತ್ತಾಗಬೇಕು. ರಿಪೋರ್ಟ್ ಮೂಲೆಯಲ್ಲಿ ಸಿಡಿ138 ಅಂತ ಇದೆಯಾ ನೋಡಿ ಅಂದರು. ಇತ್ತು. ಸದ್ಯ. ಸಿಡಿ138 ಅನ್ನುವುದು ಪ್ಲಾಸ್ಮಾ ಕಣದ ಮೈಮೇಲಿನ ಗುರುತು. ಅದನ್ನು ಹಿಡಿದು ಆ ಕಣಗಳನ್ನು ಮಾತ್ರ ಆರಿಸಿಕೊಂಡು ಫಿಶ್ ಮಾಡಬೇಕು. ಹಾಗೆ ಮಾಡದಿದ್ದರೆ ಒಳ್ಳೆಯ ಕಣಗಳ ಗುಂಪಿನಲ್ಲಿ ಕೆಟ್ಟವು ಮುಚ್ಚಿಹೋಗಿ, ತಪ್ಪು ಇದ್ದರೂ ಇಲ್ಲ ಅಂತ ಬರಬಹುದು. ಆಮೇಲೆ ಸ್ಕೋರಿಗೆ ಆ "ಇಲ್ಲ" ಹೋಗಿ ಕೂರುತ್ತದೆ.

ಆದರೆ ಒಂದು ಕೊರತೆ ಸಿಕ್ಕಿತು. 1ಕ್ಯೂ ಅಂತ ಒಂದಿದೆ, ಒಂದನೇ ಕ್ರೋಮೋಸೋಮಿನ ಉದ್ದ ತೋಳಿನ ಹೆಚ್ಚುವರಿ ಪ್ರತಿ ಇರುವುದು. ಮೈಲೋಮಾ ಯಾವ ಹಂತದಲ್ಲಿದೆ ಅಂತ ಅಳೆಯಲು 2005ರಲ್ಲಿ ಬಂದ ಐಎಸ್‌ಎಸ್ ಸ್ಟೇಜಿಂಗ್‌ನಲ್ಲಿ ಇದ್ದಿದ್ದು ಬೀಟಾ-2 ಮೈಕ್ರೋಗ್ಲೋಬುಲಿನ್ ಮತ್ತು ಆಲ್ಬುಮಿನ್ ಅನ್ನುವ ರಕ್ತದ ಎರಡು ಪ್ರೋಟೀನುಗಳಷ್ಟೇ. 2015ರಲ್ಲಿ ಅದಕ್ಕೆ ಎಲ್‌ಡಿಎಚ್ ಮತ್ತು ಕೆಲವು ಕ್ರೋಮೋಸೋಮ್ ತಪ್ಪುಗಳನ್ನು ಸೇರಿಸಿದರು. ಅದನ್ನೇ ಮತ್ತೆ ತಿದ್ದಿದ 2022ರ ಆರ್2-ಐಎಸ್‌ಎಸ್ ಬಂದಾಗ 1ಕ್ಯೂಗೂ ಅರ್ಧ ಅಂಕ ಸಿಕ್ಕಿತು. ಅಕ್ಕನ ಫಿಶ್‌ನಲ್ಲಿ 1ಕ್ಯೂ ನೋಡಿಯೇ ಇರಲಿಲ್ಲ. "ಈಗ ಮಾಡಿಸಬಹುದಾ ಮೇಡಂ?" ಅಂದೆ. ಈಗ ಮಜ್ಜೆಯಲ್ಲಿ ಹುಡುಕಲು ಕೆಟ್ಟ ಕಣವೇ ಸಿಗುವುದಿಲ್ಲವಲ್ಲ ಅಂದರು. ಕಳೆ ಕಿತ್ತು ಹಸನಾದ ಹೊಲದಲ್ಲಿ ನಿಂತು ಅದು ಯಾವ ಜಾತಿ ಕಳೆ ಆಗಿತ್ತು ಅಂತ ಕೇಳಿದ ಹಾಗೆ. ಶುರುವಿನಲ್ಲಿ ನೋಡದೆ ಬಿಟ್ಟಿದ್ದನ್ನು ಆಮೇಲೆ ಹಿಡಿಯುವುದು ಕಷ್ಟ. ಈಗಷ್ಟೇ ಕಾಯಿಲೆ ಗೊತ್ತಾದವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಫಿಶ್ ಪಟ್ಟಿಯಲ್ಲಿ 1ಕ್ಯೂ ಇದೆಯಾ ಅಂತ ನಾಳೆಯೇ ಕೇಳಿ. ಎರಡನೇ ಸ್ಟಾರ್ ಈ ಫೋನ್ ಮಾತಿಗೆ. ನಲವತ್ತು ನಿಮಿಷ ಮಾತಾಡಿದರು, ಒಂದು ಸಲವೂ ಅವಸರ ಮಾಡಲಿಲ್ಲ.

ಎಂಆರ್‌ಡಿ ನೆಗೆಟಿವ್ ಬಂತು. ಲಕ್ಷ ಕಣಕ್ಕೆ ಒಂದು ಇದ್ದರೂ ಹಿಡಿಯುವ ಮಟ್ಟದಲ್ಲಿ ಏನೂ ಕಾಣಲಿಲ್ಲ ಅಂತ ಅರ್ಥ. ಅಕ್ಕ ಕೇಳಿದಳು, "ಅಂದ್ರೆ ಸೊನ್ನೆನಾ?" ಇಲ್ಲ. ಹತ್ತು ಲಕ್ಷಕ್ಕೆ ಒಂದರ ಮಟ್ಟಕ್ಕೆ ಹೋಗುವ ಟೆಸ್ಟುಗಳೂ ಇವೆ, ಅದರಲ್ಲಿ ಕಾಣಬಹುದು, ಕಾಣದೇ ಇರಬಹುದು. ಇನ್ನೊಂದು, ಸೂಜಿ ಹೋದ ಜಾಗದ ಮಜ್ಜೆಯ ಕಥೆಯನ್ನು ಮಾತ್ರ ಅದು ಹೇಳುತ್ತದೆ. ಬೇರೆ ಮೂಳೆಯಲ್ಲೋ, ಮೂಳೆಯ ಹೊರಗೋ ಗಂಟು ಇದ್ದರೆ ಅದಕ್ಕೆ ಪೆಟ್-ಸಿಟಿ ಅನ್ನುವ ಸ್ಕ್ಯಾನ್ ಬೇಕು. ಪ್ಯಾಕೇಜಿನಲ್ಲಿ ಪೆಟ್ ಇರಲಿಲ್ಲ, ನಮ್ಮ ಆಸ್ಪತ್ರೆಯ ಡಾಕ್ಟರು ಮಾಡಿಸಿದರು. ಇಷ್ಟೆಲ್ಲಾ ಇದ್ದರೂ ಮುಂದೇನು ಅಂತ ಊಹಿಸಲು ಈಗ ಇರುವುದರಲ್ಲಿ ಎಂಆರ್‌ಡಿ ಗಟ್ಟಿ ಆಧಾರ. 2024ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿ ಮೈಲೋಮಾದ ಹೊಸ ಔಷಧಿಗಳನ್ನು ಅಳೆಯಲು ಇದನ್ನು ಬಳಸಬಹುದು ಅಂತ 12-0 ಮತದಲ್ಲಿ ಹೇಳಿತು. ಪತ್ತೆಯಾದ ದಿನದ ಸ್ಕೋರು ಕಾಯಿಲೆ ಹುಟ್ಟಿದ ಜಾತಕ ಇದ್ದ ಹಾಗೆ. ಎಂಆರ್‌ಡಿ ಅಂದರೆ ಇವತ್ತು ಮನೆಯೊಳಗೆ ಹೋಗಿ ಕಣ್ಣಾರೆ ನೋಡಿ ಬಂದ ಹಾಗೆ.

ಆ್ಯಪ್ ಬಗ್ಗೆ ಈಗ. ಇಲ್ಲೇ ನನಗೆ ಸಿಟ್ಟು ಜಾಸ್ತಿ.

ಫ್ರೀ ಲೈಟ್ ಚೈನ್ ಅನ್ನುವ ರಕ್ತದ ಟೆಸ್ಟು ಒಂದಿದೆ, ಆ್ಯಂಟಿಬಾಡಿಗೆ ಅಂಟಿಕೊಳ್ಳದೆ ಬಿಡಿಯಾಗಿ ಓಡಾಡುವ ಅದರ ತುಂಡುಗಳನ್ನು ಅಳೆಯುವುದು. ಕಪ್ಪಾ ಎಷ್ಟು, ಲ್ಯಾಂಬ್ಡಾ ಎಷ್ಟು, ಕಪ್ಪಾವನ್ನು ಲ್ಯಾಂಬ್ಡಾದಿಂದ ಭಾಗಿಸಿದರೆ ಎಷ್ಟು. ಆ ಅನುಪಾತ 0.26ರಿಂದ 1.65ರ ಒಳಗಿದ್ದರೆ ನಾರ್ಮಲ್, ಕಿಡ್ನಿ ತೊಂದರೆ ಇದ್ದವರಿಗೆ ಲೆಕ್ಕ ಬೇರೆ. ಈ ಚೈನುಗಳು ರಕ್ತದಲ್ಲಿ ಕೆಲವೇ ಗಂಟೆ ಇರುತ್ತವೆ, ಪೂರ್ತಿ ಐಜಿಜಿ ಆ್ಯಂಟಿಬಾಡಿ ಮೂರು ವಾರದ ಹತ್ತಿರ ಇರುತ್ತದೆ. ಅದಕ್ಕೇ ಏರುಪೇರು ಇದರಲ್ಲಿ ಬೇಗ ಕಾಣುತ್ತದೆ. ಆ್ಯಪ್ ಈ ಅನುಪಾತವನ್ನು ಗ್ರಾಫ್ ಮಾಡುತ್ತದೆ, ಇಳಿದರೆ ಹಸಿರು ಬಾಣ, ಏರಿದರೆ ಕೆಂಪು. ನಾಲ್ಕನೇ ತಿಂಗಳು 1.1 ಇತ್ತು, ಐದನೇ ತಿಂಗಳು 0.8. ಹಸಿರು ಬಾಣ, ಪಕ್ಕದಲ್ಲಿ "ಉತ್ತಮವಾಗುತ್ತಿದೆ". ಎರಡೂ ನಾರ್ಮಲ್ ಒಳಗೇ ಇವೆ, ಸರಿ. ಆದರೆ ಒಂದು ನಿಮಿಷ ಯೋಚಿಸಿ. ಅಕ್ಕನದು ಲ್ಯಾಂಬ್ಡಾ ಕಾಯಿಲೆ. ಭಾಗಾಕಾರದಲ್ಲಿ ಲ್ಯಾಂಬ್ಡಾ ಕೆಳಗಿದೆ. ಕಾಯಿಲೆ ತಿರುಗಿ ಬಂದರೆ ಲ್ಯಾಂಬ್ಡಾ ಏರುತ್ತದೆ, ಅನುಪಾತ ಇಳಿಯುತ್ತದೆ. ಅಂದರೆ ಕಾಯಿಲೆ ಮರಳಿ ಅನುಪಾತ 0.05ಕ್ಕೆ ಬಂದು ನಿಂತಾಗಲೂ ಈ ಆ್ಯಪ್ ಹಸಿರು ಬಾಣ ತೋರಿಸಿ ಶಹಬ್ಬಾಸ್ ಅನ್ನುತ್ತದೆ! ಕಪ್ಪಾ ಇರುವವರಿಗೆ ಮಾತ್ರ ಬರೆದ ಲೆಕ್ಕವನ್ನು ಎಲ್ಲರಿಗೂ ಹಾಕಿದ್ದಾರೆ. ಬರೆದು ಕಳಿಸಿದೆ. "ನಿಮ್ಮ ಅನಿಸಿಕೆಗೆ ಧನ್ಯವಾದ" ಅಂತ ಬಂತು. ಅನಿಸಿಕೆ ಅಲ್ಲ ಸ್ವಾಮಿ, ಇದು ಭಾಗಾಕಾರ. ಮೂರು ಸಲ ಬರೆದ ಮೇಲೆ, ಎರಡು ತಿಂಗಳಿಗೆ ಸರಿ ಮಾಡಿದರು. ಯಾವ ಜಾತಿ ಅಂತ ಈಗ ಮೊದಲೇ ಕೇಳುತ್ತದೆ. ಮೂರನೇ ಸ್ಟಾರ್ ಇಲ್ಲಿಗೆ ಕೊಡೋಣ ಅಂದುಕೊಂಡೆ, ಮನಸ್ಸು ಬರಲಿಲ್ಲ, ಅದೂ ಫೋನಿನಲ್ಲಿ ಮಾತಾಡಿದ ಆ ಡಾಕ್ಟರಿಗೇ.

ಆರನೇ ತಿಂಗಳು ಇನ್ನೊಂದು ಅಲರ್ಟ್: "ಹೊಸ ಬ್ಯಾಂಡ್ ಪತ್ತೆ". ಬ್ಯಾಂಡ್ ಅಂದರೆ ರಕ್ತದ ಟೆಸ್ಟಿನಲ್ಲಿ ಒಂದೇ ಜಾತಿಯ ಪ್ರೋಟೀನು ಗೆರೆಯಾಗಿ ಕಾಣುವುದು. ಇದೂ ರಾತ್ರಿಯೇ. ಈ ಸಲ ನಾನು ಏನನ್ನೂ ಹುಡುಕಿ ಓದಲಿಲ್ಲ. ನೇರ ರಿಪೋರ್ಟ್ ತೆರೆದೆ. ಅಕ್ಕನ ಕಾಯಿಲೆಯ ಪ್ರೋಟೀನು ಐಜಿಜಿ ಲ್ಯಾಂಬ್ಡಾ, ಈಗ ತೆಳುವಾಗಿ ಕಂಡಿದ್ದು ಐಜಿಜಿ ಕಪ್ಪಾ. ಜಾತಿಯೇ ಬೇರೆ. ಮರುದಿನ ಡಾಕ್ಟರು ಮೊದಲು ಕೇಳಿದ್ದು ಡಾರಾಟುಮುಮ್ಯಾಬ್ ಕೊಟ್ಟಿದ್ದರಾ ಅಂತ, ಯಾಕೆಂದರೆ ಆ ಔಷಧಿಯೇ ಒಂದು ಐಜಿಜಿ ಕಪ್ಪಾ ಆ್ಯಂಟಿಬಾಡಿ, ಟೆಸ್ಟಿನಲ್ಲಿ ಅದೇ ಬ್ಯಾಂಡಾಗಿ ಕಾಣಿಸಿಕೊಳ್ಳುತ್ತದೆ. ಅಕ್ಕನಿಗೆ ಕೊಟ್ಟಿರಲಿಲ್ಲ. ಹಾಗಾದರೆ ಮೈಯ ರೋಗ ನಿರೋಧಕ ಶಕ್ತಿ ಮತ್ತೆ ಕಣ್ಣು ಬಿಡುತ್ತಿದೆ, ಟ್ರಾನ್ಸ್‌ಪ್ಲಾಂಟ್ ನಂತರ ಹೀಗೆ ಸಣ್ಣ ಸಣ್ಣ ಬ್ಯಾಂಡುಗಳು ಬಂದು ಹೋಗುವುದು ಮಾಮೂಲು ಅಂದರು. ಮೂರು ತಿಂಗಳಲ್ಲಿ ಅದು ಮಾಯವಾಯಿತು. ಅಲರ್ಟ್ ಕೊಟ್ಟ ಆ್ಯಪ್‌ಗೆ ಹಳೆಯ ಜಾತಿ ಯಾವುದು, ಹೊಸದು ಯಾವುದು ಅಂತ ಹೋಲಿಸಿ ನೋಡುವಷ್ಟೂ ಬುದ್ಧಿ ಇರಲಿಲ್ಲ.

ಎಂಟನೇ ತಿಂಗಳು ಲ್ಯಾಂಬ್ಡಾ 14ರಿಂದ 22ಕ್ಕೆ ಹಾರಿತು. ಆ ತಿಂಗಳು ಅವರು ಲ್ಯಾಬ್ ಬದಲಾಯಿಸಿದ್ದರು, ಟೆಸ್ಟಿನ ಕಿಟ್ಟೂ ಬೇರೆ ಕಂಪನಿಯದು. ಬೇರೆ ಬೇರೆ ಕಿಟ್ಟಿನ ಲೈಟ್ ಚೈನ್ ಅಂಕಿಗಳನ್ನು ಒಂದರ ಪಕ್ಕ ಒಂದು ಇಟ್ಟು ಗೆರೆ ಎಳೆಯಬಾರದು. ಗ್ರಾಫ್ ಎಳೆದಿತ್ತು. ನಾವು ಅವತ್ತಿನಿಂದ ಒಂದೇ ಲ್ಯಾಬ್ ಹಿಡಿದಿದ್ದೇವೆ.

ಸಂಖ್ಯೆ ಸ್ವಲ್ಪ ಅಲುಗಾಡಿದ ತಕ್ಷಣ ಹೆದರುವವರಿಗೆ ಒಂದು ಮಾತು. ಕಾಯಿಲೆಯ ಪ್ರೋಟೀನು, ಅಂದರೆ ಎಂ ಪ್ರೋಟೀನು, ಮರಳಿತು ಅನ್ನಬೇಕಾದರೆ ಅದು ತೀರಾ ಕಡಿಮೆ ಇದ್ದ ಮಟ್ಟದಿಂದ 25 ಪರ್ಸೆಂಟ್ ಏರಬೇಕು, ಜೊತೆಗೆ ಏರಿಕೆ ಡೆಸಿಲೀಟರಿಗೆ ಅರ್ಧ ಗ್ರಾಂ ಆದರೂ ಇರಬೇಕು, ಮತ್ತೊಮ್ಮೆ ಟೆಸ್ಟ್ ಮಾಡಿದಾಗಲೂ ಅದೇ ಬರಬೇಕು. 0.1 ಇದ್ದಿದ್ದು 0.2 ಆದರೆ ನೂರು ಪರ್ಸೆಂಟ್ ಏರಿಕೆ ಅಂತ ಆ್ಯಪ್ ಬೊಬ್ಬೆ ಹೊಡೆಯುತ್ತದೆ. ಲೆಕ್ಕ ಸರಿ, ಅರ್ಥ ಇಲ್ಲ.

ರಿಪೋರ್ಟಿನಲ್ಲಿ ಇಲ್ಲದ, ಆದರೆ ಇರಬೇಕಾಗಿದ್ದ ಇನ್ನೊಂದು ವಿಷಯ ಮೇಂಟೆನೆನ್ಸ್ ಮಾತ್ರೆ, ಅಂದರೆ ಕಾಯಿಲೆ ಮರಳದಿರಲಿ ಅಂತ ಮುಂದುವರಿಸುವ ಮಾತ್ರೆ. ಅಕ್ಕ ಲೆನಲಿಡೊಮೈಡ್ ತೆಗೆದುಕೊಳ್ಳುತ್ತಿದ್ದಾಳೆ. ಮೂರು ದೊಡ್ಡ ಟ್ರಯಲ್‌ಗಳನ್ನು ಒಟ್ಟಿಗೆ ನೋಡಿ 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಟ್ರಾನ್ಸ್‌ಪ್ಲಾಂಟ್ ನಂತರ ಕಾಯಿಲೆ ಮರಳದೆ ಕಳೆದ ಅವಧಿಯ ಮಧ್ಯಾಂಕ (ಅರ್ಧದಷ್ಟು ಜನ ದಾಟಿದ ಅವಧಿ) ಈ ಮಾತ್ರೆ ತೆಗೆದುಕೊಂಡವರಲ್ಲಿ 52.8 ತಿಂಗಳು, ತೆಗೆದುಕೊಳ್ಳದವರಲ್ಲಿ 23.5. ಇಷ್ಟು ದೊಡ್ಡ ವ್ಯತ್ಯಾಸ ಮಾಡುವ ಒಂದು ವಿಷಯವನ್ನು ಫಾರಂ ಕೇಳಲೇ ಇಲ್ಲ. ಮಾತ್ರೆ ತಪ್ಪಿಸುತ್ತಿದ್ದೀರಾ, ಡೋಸ್ ಇಳಿಸಿದ್ದಾರಾ, ಕೇಳಲಿಲ್ಲ. ಎತ್ತರ, ತೂಕ ಕೇಳಿದರು.

ಹಾಗಾದರೆ ತೆಗೆದುಕೊಳ್ಳಬೇಕಾ ಅಂತ ಕೇಳಿದರೆ, ನಿಮ್ಮ ಆಸ್ಪತ್ರೆಯಲ್ಲೇ ಎಂಆರ್‌ಡಿ ಸರಿಯಾಗಿ ಮಾಡುತ್ತಾರೆ, ಡಾಕ್ಟರು ಕೂರಿಸಿ ಮಾತಾಡುತ್ತಾರೆ ಅಂದರೆ ಬೇಡ. ಅವರು ಹೇಳುವುದಕ್ಕಿಂತ ಹೆಚ್ಚು ಈ ಪಿಡಿಎಫ್ ಏನೂ ಹೇಳುವುದಿಲ್ಲ. ನಿಮ್ಮ ಡಾಕ್ಟರಿಗೆ ಐದು ನಿಮಿಷಕ್ಕಿಂತ ಜಾಸ್ತಿ ಸಮಯ ಸಿಗುತ್ತಿಲ್ಲ, ಹಳೆಯ ರಿಪೋರ್ಟ್‌ಗಳನ್ನು ಬಲ್ಲವರು ಯಾರಾದರೂ ಒಮ್ಮೆ ಕೂತು ನೋಡಲಿ ಅಂದರೆ, ಆ ಫೋನ್ ಮಾತಿಗಾಗಿ ತೆಗೆದುಕೊಳ್ಳಬಹುದು. ಆದರೆ ರಿಪೋರ್ಟ್ ರೋಗಿಯ ಫೋನಿಗೆ ಬರದ ಹಾಗೆ ಮೊದಲೇ ಸೆಟ್ಟಿಂಗ್ ಬದಲಾಯಿಸಿ. ಅದು ಮೂರನೇ ಮೆನುವಿನ ಕೆಳಗೆ ಎಲ್ಲೋ ಅಡಗಿದೆ. ರಕ್ತ ಕೊಡುವಾಗ ನರ ಸಿಗದೆ ಒದ್ದಾಡಿದರೆ ಅದನ್ನು ಬರೆಸಿ. ಪತ್ತೆಯಾದ ದಿನದ ರಿಪೋರ್ಟ್‌ಗಳನ್ನು ಬೇರೆ ಫೈಲಿನಲ್ಲಿ ಇಟ್ಟುಕೊಳ್ಳಿ, ಎಲ್ಲರೂ ಕೇಳುವುದು ಹೊಸದನ್ನು, ಬೇಕಾಗುವುದು ಹಳೆಯದು.

ಈಗ ಟ್ರಾನ್ಸ್‌ಪ್ಲಾಂಟ್ ಆಗಿ ಹದಿನಾಲ್ಕು ತಿಂಗಳು. ಆ್ಯಪ್ ಅಕ್ಕನ ಫೋನಿನಲ್ಲಿ ಇಲ್ಲ, ನನ್ನದರಲ್ಲಿ ಇದೆ, ನೋಟಿಫಿಕೇಷನ್ ಬಂದ್ ಮಾಡಿದ್ದೇನೆ. ಎಂಆರ್‌ಡಿ ಒಂದು ಸಲ ನೆಗೆಟಿವ್ ಬಂದರೆ ಸಾಲದು, ಕಡಿಮೆ ಅಂದರೂ ಒಂದು ವರ್ಷದ ಅಂತರದಲ್ಲಿ ಎರಡು ಸಲ ಬಂದರೆ ನಿಲ್ಲುತ್ತಿದೆ ಅಂತ ಲೆಕ್ಕ. ಆ ಎರಡನೇದು ಮುಂದಿನ ತಿಂಗಳು. ಈ ಸಲ ಸೂಜಿ ಹಾಕುವವರು ಬೇರೆ ಡಾಕ್ಟರಂತೆ. ನಿನ್ನೆ ಅಕ್ಕ ಫೈಲ್ ಜೋಡಿಸುತ್ತಾ, "ಮೊದಲ್ನೇದು ಎಂಆರ್‌ಡಿ ಟ್ಯೂಬಿಗೆ ಅಂತ ನೀನು ಹೇಳ್ತೀಯೋ, ಮಲಗಿರೋ ನಾನೇ ಹೇಳಬೇಕೋ?" ಅಂತ ಕೇಳಿದಳು. ನಾನೇ ಹೇಳುತ್ತೇನೆ ಅಂದಿದ್ದೇನೆ. ಫೈಲಿನ ಮೇಲೆ ಪೆನ್ನಿನಲ್ಲಿ ದಪ್ಪಗೆ ಬರೆದೂ ಇಟ್ಟಿದ್ದಾಳೆ.